ತಕರಾರು ವಕೀಲರು ಹೇಳಿದ ಸಾಕ್ಷಿ

ಊರಿನವರು ಅವರನ್ನು ಕರೆಯುತ್ತಿದ್ದದ್ದೇ ತಕರಾರು ವಕೀಲರು ಎಂದು. ಪಕ್ಕದ ಮನೆಯ ಮಾಡಿನ ನೀರು ತಮ್ಮ ಗೋಡೆಗೆ ಸಿಡಿದರೂ ನೋಟಿಸು ಕೊಡುವ ಆಸಾಮಿ. ಹಾಗಂತ ಕೆಟ್ಟವರೇನಲ್ಲ, ಎಷ್ಟೋ ಬಡವರ ಕೇಸನ್ನು ಬಿಡಿಗಾಸೂ ಪಡೆಯದೆ ನಡೆಸಿದವರು. ಹೊಗಳಿಕೆಯೊಂದು ಮಾತ್ರ ಅವರಿಗೆ ಆಗಿಬರುತ್ತಿರಲಿಲ್ಲ. ಯಾರಾದರೂ ಅಟ್ಟಕ್ಕೇರಿಸಿದರೆ ಇಳಿಯುವುದನ್ನೇ ಮರೆತುಬಿಡುತ್ತಿದ್ದರು.

ಹಾಗೆ ಏರಿಸಿದವನು ಚುನಾವಣೆಯಲ್ಲಿ ಹೀನಾಯವಾಗಿ ಸೋತ ಒಬ್ಬ ಅಭ್ಯರ್ಥಿ. "ಈ ಕೇಸ್ ನಡೆಸೋ ಗಂಡೆದೆ ನಿಮಗಲ್ದೆ ಇನ್ಯಾರಿಗಿದೆ ಸಾರ್?" ಅಂದ. ಅಷ್ಟು ಸಾಕಾಯಿತು. ಮತದಾನದಲ್ಲಿ ಮೋಸ ನಡೆದಿದೆ ಎಂದು ಅರ್ಜಿ ಬರೆದರು. ಮೋಸ ಮಾಡಿದವರು ಯಾರೆಂದು ಹೇಳದ ಅರ್ಜಿಯನ್ನು ಕೋರ್ಟು ಮೂಸಿಯೂ ನೋಡುವುದಿಲ್ಲವಲ್ಲ, ಮತಗಟ್ಟೆ ಸಿಬ್ಬಂದಿಯ ಪಟ್ಟಿಯಲ್ಲಿ ಕಣ್ಣಿಗೆ ಬಿದ್ದ ಒಬ್ಬ ಶಾಲಾ ಟೀಚರ್ ಹೆಸರನ್ನು ಸೇರಿಸಿದರು. ಆಕೆಯ ಮುಖವನ್ನೂ ನೋಡಿರಲಿಲ್ಲ. ಒಂದು ಅರ್ಜಿ ವಜಾ ಆಯಿತು, ಇನ್ನೊಂದು ಹಾಕಿದರು. ಅದೂ ಹೋಯಿತು, ಮತ್ತೊಂದು. ಕೊನೆಗೆ ಕೋರ್ಟು ಛೀಮಾರಿ ಹಾಕಿತು, ವಕೀಲರ ಪರಿಷತ್ತು ವಕೀಲಿಕೆ ನಡೆಸುವ ಸನ್ನದನ್ನೇ ರದ್ದು ಮಾಡಿತು. ಅಭ್ಯರ್ಥಿ ಫೋನ್ ಎತ್ತುವುದನ್ನು ನಿಲ್ಲಿಸಿದ. ಪಾಪ, ಕಪ್ಪು ಕೋಟು ಬಿಟ್ಟರೆ ಬೇರೆ ಬಟ್ಟೆಯೇ ಗೊತ್ತಿರದ ಮನುಷ್ಯ ಹಗಲೆಲ್ಲ ಬನಿಯನ್ನಿನಲ್ಲಿ ಕೂತು ಬೀದಿ ನೋಡುವ ಹಾಗಾಯಿತು.

ಸನ್ನದು ವಾಪಸ್ ಕೋರಿ ಅವರ ಮೇಲ್ಮನವಿ ಬರೆಯುತ್ತಿದ್ದವಳು ಮಗಳು, ಅವಳೂ ವಕೀಲೆ. ಅಷ್ಟರಲ್ಲಿ ಟೀಚರ್ ಮೇಲಿನ ಇಲಾಖಾ ವಿಚಾರಣೆಗೆ ಸಾಕ್ಷಿ ಹೇಳಲು ವಕೀಲರಿಗೆ ಕರೆ ಬಂತು. ಅರ್ಜಿಯ ದೆಸೆಯಿಂದ ಆಕೆ ಇನ್ನೂ ಅಮಾನತಿನಲ್ಲೇ ಇದ್ದರು. ಗಾಳಿಮಾತಿಗೆ ಕೇಳಬೇಕೆ? ಆಕೆ ಅಂಗಡಿಗೆ ಹೋದರೂ ಬೆನ್ನ ಹಿಂದೆ ಪಿಸುಗುಟ್ಟುವವರೇ.

"ಅಪ್ಪ, ಕಕ್ಷಿದಾರ ಹೇಳಿದ್ದನ್ನ ನಂಬಿ ಬರೆದೆ ಅಂತ ಹೇಳಿ, ಸಾಕು," ಅಂದಳು ಮಗಳು. "ನಂಬಿದ್ರಿ ಅಂದ್ರೇನೇ ಸನ್ನದು ವಾಪಸ್ ಬರೋದು. ಬೇರೆ ಏನಾದ್ರೂ ಬಾಯಿ ಬಿಟ್ರೆ ನಾನೂ ಏನೂ ಮಾಡೋಕಾಗಲ್ಲ."

"ನಂಬಿದ್ದೆ ಅಂದ್ರೆ ಆ ಟೀಚರ್ ಗತಿ?"

"ಅವರ ಮೇಲೆ ಅನುಮಾನ ಹಾಗೇ ಉಳಿಯುತ್ತೆ." ಮಗಳು ಕಣ್ಣು ತಪ್ಪಿಸಿದಳು.

ವಿಚಾರಣೆಯ ಕೋಣೆಯಲ್ಲಿ ಒಂದು ಮೇಜು, ಕಿರುಗುಟ್ಟುವ ಫ್ಯಾನು, ಎದುರಿಗೆ ಕೈಚೀಲವನ್ನು ತೊಡೆಯ ಮೇಲೆ ಬಿಗಿಯಾಗಿ ಹಿಡಿದು ಕೂತ ಟೀಚರ್. ಜೀವಮಾನವೆಲ್ಲ ಸಾಕ್ಷಿಗಳ ಬೆವರಿಳಿಸಿದ ವಕೀಲರು ಈಗ ತಾವೇ ಸಾಕ್ಷಿಯಾಗಿ ಕೂತರು. ಬರೆದದ್ದನ್ನು ನಂಬಿದ್ದಿರಾ ಎಂದು ಅಧಿಕಾರಿ ಕೇಳಿದರು.

ಬಾಗಿಲ ಬಳಿ ನಿಂತ ಮಗಳ ಕಡೆ ಅವರು ನೋಡಲಿಲ್ಲ. ನೋಡಿದ್ದರೆ ಸೋತುಬಿಡುತ್ತಿದ್ದರು.

"ಇಲ್ಲ ಸಾರ್. ಅರ್ಜಿಗೆ ಒಂದು ಹೆಸರು ಬೇಕಿತ್ತು, ಹಾಕಿದೆ. ಇವರ ವಿರುದ್ಧ ನನ್ನ ಹತ್ರ ಏನೂ ಆಧಾರ ಇರ್ಲಿಲ್ಲ. ಅದು ಅವತ್ತೇ ನನಗೆ ಗೊತ್ತಿತ್ತು."

ಅಧಿಕಾರಿ ಬರೆದುಕೊಂಡರು. ವಕೀಲರು ಸಹಿ ಹಾಕಿದರು. ಇನ್ನು ಸನ್ನದಿನ ಆಸೆ ಬಿಟ್ಟಂತೆಯೇ ಎಂದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ದುಃಖವಾಯಿತು, ಜೊತೆಗೆ ಎದೆಯೂ ಹಗುರಾಯಿತು. ಹೊರಗೆ ಮೆಟ್ಟಿಲ ಹತ್ತಿರ ಟೀಚರ್‌ಗಾಗಿ ಕಾದು ನಿಂತರು.

"ತಪ್ಪಾಯ್ತಮ್ಮ," ಅಂದರು.

ಆಕೆ ಸಿಟ್ಟಾಗಲಿಲ್ಲ. "ಹೋದ ವರ್ಷವೇ ಹೇಳಿದ್ರೆ ಆಗ್ತಿತ್ತು ಸಾರ್. ಆಗ ನಮ್ಮಮ್ಮ ಇದ್ರು. ಕಣ್ಣು ಮುಚ್ಚೋವರೆಗೂ ಕೇಳ್ತಾನೇ ಇದ್ರು, ನಿಜ ಹೇಳು ಮಗಳೇ, ನೀನು ಮಾಡಿದ್ಯಾ ಅಂತ."