ಏಳೂಕಾಲು ಅಳತೆಯ ತಲೆ

ಯೂಜಿನ್ ಗೋರ್ಸ್ಕಿಗೆ ಬೇಕಾಗಿದ್ದುದು ಒಂದು ಕುರ್ಚಿ. ಅಧಿಕಾರದ್ದೇನೂ ಬೇಡ, ಕೂತರೆ ಮುರಿಯದಿದ್ದರೆ ಸಾಕು.

ಅಮೆರಿಕದ ಈರಿ ಸರೋವರದ ದಂಡೆಯ ಆ ಕಾರ್ಖಾನೆಯಲ್ಲಿ ದೊಡ್ಡ ದೊಡ್ಡ ಬೇಸ್‌ಬಾಲ್ ತಂಡಗಳಿಗೆ ಟೋಪಿ ತಯಾರಾಗುತ್ತಿತ್ತು. ಎಲ್ಲರೂ ಜೀನ್ ಎಂದು ಕರೆಯುವ ಯೂಜಿನ್ ನಿಲ್ಲುತ್ತಿದ್ದುದು ಹಬೆಯ ಯಂತ್ರದ ಮುಂದೆ. ಹೊಲಿದು ಬಂದ ಉಣ್ಣೆಯ ಟೋಪಿಯನ್ನು ಕಾದ ಲೋಹದ ತಲೆಗೆ ತೊಡಿಸಬೇಕು, ಹಬೆ ಬಿಡಬೇಕು, ಆಕಾರ ಬಂದಮೇಲೆ ಕಿತ್ತು ತೆಗೆಯಬೇಕು. ಮದುವೆಗೆ ಮುಂಚೆ ಅಲ್ಲಿ ನಿಂತವನು, ಈಗ ಮೊಮ್ಮಕ್ಕಳು ಬಂದರೂ ನಿಂತೇ ಇದ್ದ. ಸಂಜೆ ಮನೆಗೆ ಬಂದರೆ ಬೂಟು ಬಿಚ್ಚಲು ಬಗ್ಗುವುದಕ್ಕೂ ಮನಸ್ಸನ್ನು ಗಟ್ಟಿ ಮಾಡಿಕೊಳ್ಳಬೇಕಾಗುತ್ತಿತ್ತು.

ತಪಾಸಣೆಯ ಮೇಜಿನವರಿಗೆ ಮಾತ್ರ ಕುರ್ಚಿ. ಅಲ್ಲಿ ಕೂತು ಹೊಲಿಗೆ ನೋಡಿ, ಜೋತಾಡುವ ದಾರ ಕತ್ತರಿಸಿದರೆ ಮುಗಿಯಿತು. ಜಾಗ ಖಾಲಿಯಾದಾಗ ಬೋರ್ಡಿನ ಮೇಲೆ ಚೀಟಿ ಬೀಳುತ್ತದೆ. ಹೆಸರು ಬರೆದವರಲ್ಲಿ ಹಳಬರಿಗೆ ಕೆಲಸ. ಯೂನಿಯನ್ನಿನ ಕಾನೂನು ಅದು. ಆದರೆ ಅದೇ ಕಾನೂನಿನಲ್ಲಿ ಒಂದು ಕಿಂಡಿಯೂ ಇತ್ತು: ಬದಲಿಗೆ ಇನ್ನೊಬ್ಬರು ಸಿಗದಂಥ ಕೆಲಸಗಾರನನ್ನು ಮೇಸ್ತ್ರಿ ತಡೆದಿಟ್ಟುಕೊಳ್ಳಬಹುದು.

ಜೀನ್ ಹೆಸರು ಬರೆದಾಗಲೆಲ್ಲ ಮೇಸ್ತ್ರಿ ರೇ ಪಲೂಂಬೊ ಬಂದು ಅವನ ಹೆಗಲ ಮೇಲೆ ಕೈಯಿಡುತ್ತಿದ್ದ. “ನಿನ್ನ ಕಾಲನ್ನ ಬೇಕಾದ್ರೆ ಇವತ್ತೇ ಕಳಿಸ್ತೀನಿ ಜೀನ್. ತಲೆ ಕಳಿಸೋಕಾಗಲ್ವಲ್ಲ!”

ತಮಾಷೆಯಲ್ಲ, ನಿಜ. ಅತಿ ಹೆಚ್ಚು ಬೇಡಿಕೆ ಬರುವ ಟೋಪಿಯ ಅಳತೆ ಏಳೂಕಾಲು. ಜೀನನ ತಲೆ ಸರಿಯಾಗಿ ಏಳೂಕಾಲು. ಟೇಪು ಹಿಡಿದರೆ ಉಣ್ಣೆ ಹಿಗ್ಗಿ ಮೋಸ ಮಾಡುತ್ತದೆಂದು ಹಿಂದಿನ ಯಾವನೋ ಮೇಸ್ತ್ರಿ ಪ್ರತಿ ಕಂತಿನ ಮೊದಲ ಟೋಪಿಯನ್ನು ಅವನ ತಲೆಗೇ ಇಟ್ಟು ನೋಡುವ ರೂಢಿ ಹಾಕಿದ್ದ. ಜೀನ್ ಟೋಪಿ ತೊಟ್ಟು, ಕಿವಿಯಲ್ಲಿ ನೀರು ಹೊಕ್ಕವನ ಹಾಗೆ ತಲೆ ಕೊಡವಿ “ಹೂಂ” ಅಂದರೆ ಕಂತು ಮುಂದೆ ಹೋಗುತ್ತಿತ್ತು. ಶಾಲೆಯಲ್ಲಿ ಯಾವ ಮೇಷ್ಟರೂ ಬೆಲೆ ಕೊಡದಿದ್ದ ತಲೆಗೆ ಇಷ್ಟು ಮರ್ಯಾದೆ ಸಿಕ್ಕಿದ್ದು ಅವನಿಗೂ ಒಳಗೊಳಗೇ ಖುಷಿಯೇ. ಆ ಖುಷಿಯ ಬಾಡಿಗೆಯನ್ನು ಮೊಣಕಾಲುಗಳು ಕಟ್ಟುತ್ತಿದ್ದವು.

ಆ ಜುಲೈಯಲ್ಲಿ ಸೆಕೆ ಅತಿಯಾಯಿತು. ಹಬೆಯ ಮುಂದೆ ಬೇಯುವ ಗಂಡನನ್ನು ನೋಡಲಾರದೆ ಹೆಂಡತಿ ಬರ್ನಿಸ್ ಅಡುಗೆಮನೆಯಲ್ಲಿ ಕೂರಿಸಿ ತಲೆ ನುಣ್ಣಗೆ ಬೋಳಿಸಿದಳು. ಹಾಯೆನಿಸಿತು. ಮರುದಿನ ಹೊಸ ಉಣ್ಣೆಯ ಟೋಪಿಗಳ ಕಂತು ಬಂತು. ಜೀನ್ ತೊಟ್ಟ, ಕೊಡವಿದ, “ಹೂಂ” ಅಂದ.

ತಿಂಗಳೊಳಗೆ ಪೆಟ್ಟಿಗೆಗಳು ವಾಪಸು ಬಂದವು. ರೇ ಕೆಂಪಾಗಿ ಬಂದು ನಿಂತ.

“ಆಟಗಾರರ ಹಣೆ ಮೇಲೆಲ್ಲಾ ಬರೆ ಬಿದ್ದಿದೆಯಂತೆ! ಒಬ್ಬೊಬ್ಬರೂ ಟೋಪಿ ತೆಗೆದು ಹಣೆ ಉಜ್ಜಿಕೊಳ್ತಾ ಕೂತಿದಾರಂತೆ. ಬಿಗಿಯಾಗಿದ್ದು ನಿನಗೆ ಗೊತ್ತಾಗಲಿಲ್ವಾ?”

“ನನಗೆ ಸರಿಯಾಗೇ ಕೂತಿತ್ತಪ್ಪ.”

ಪಕ್ಕದಲ್ಲಿ ಟೋಪಿಯ ನೆತ್ತಿಗೆ ಗುಂಡಿ ಕೂರಿಸುತ್ತಿದ್ದ ವಿಲ್ಮಾ ಕೈ ನಿಲ್ಲಿಸಿ ಜೀನನ ತಲೆ ನೋಡಿದಳು. ಅವಳಿಗೆ ನಗು ತಡೆಯಲಾಗಲಿಲ್ಲ.

“ಅಯ್ಯೋ ಪೆದ್ದಪ್ಪಗಳಿರಾ, ಇವನ ಕೂದಲೆಲ್ಲಿ? ಆ ಹುಡುಗರಿಗೆಲ್ಲಾ ಹುಲ್ಲಿನ ಮೆದೆ ಹಾಗೆ ಕೂದಲಿದೆ. ಇವನದು ಬೇಯಿಸಿದ ಮೊಟ್ಟೆ!”

ಜೀನ್ ಮೆಲ್ಲನೆ ನೆತ್ತಿ ಮುಟ್ಟಿಕೊಂಡ. “ಸೆಕೆ ಇತ್ತು ರೇ,” ಅಂದ.

ರೇ ಬೈಯಲಿಲ್ಲ. ಅದಕ್ಕಿಂತ ಕೆಟ್ಟದ್ದು ಮಾಡಿದ: ಮುಂದಿನ ವಾರ ಒಂದು ಮರದ ತಲೆ ತರಿಸಿದ. ತಿರುಪು ತಿರುಗಿಸಿದರೆ ಬೇಕಾದ ಅಳತೆಗೆ ಹಿಗ್ಗುವಂಥದ್ದು.

“ಇದಕ್ಕೆ ಕೂದಲು ಬೆಳೆಯಲ್ಲ, ಸೆಕೆ ಆಗಲ್ಲ,” ಅಂದ ರೇ. ಆಮೇಲೆ ಜೀನನ ಮುಖ ನೋಡದೆ, “ಇನ್ನು ನಿನ್ನನ್ನ ಇಲ್ಲಿ ತಡೆಯೋಕೆ ನನ್ನ ಹತ್ರ ನೆಪ ಇಲ್ಲ. ತಪಾಸಣೆಯಲ್ಲಿ ಒಂದು ಜಾಗ ಖಾಲಿಯಿದೆ, ಸೋಮವಾರದಿಂದ ಮೇಜಿಗೆ ಹೋಗು,” ಅಂದ.

ಸೋಮವಾರ ಜೀನ್ ಕೂತ. ಮೊಣಕಾಲುಗಳು ನಂಬಲೇ ಇಲ್ಲ. ಎಷ್ಟೋ ಹೊತ್ತು ಈಗ ಏಳಬೇಕು, ಈಗ ಏಳಬೇಕು ಎಂದು ಕಾಯುತ್ತಿದ್ದವು. ಮರದ ತಲೆ ಒಪ್ಪಿ ಕಳಿಸಿದ ಕಂತು ಮೇಜಿಗೆ ಬಂತು. ಮೊದಲ ಟೋಪಿ ಎತ್ತಿದವನ ಕೈ ತಾನಾಗಿ ತಲೆಯ ಕಡೆ ಹೋಯಿತು.

“ಏ ಜೀನ್! ದಾರ ನೋಡೋ, ದಾರ!” ಆ ಕಡೆಯಿಂದ ವಿಲ್ಮಾ ಕೂಗಿದಳು.

ಅವನು ಟೋಪಿಯನ್ನು ಕೆಳಗಿಳಿಸಿ, ಮಗುಚಿ, ದಾರ ಹುಡುಕಿದ. ಒಂದೂ ಇರಲಿಲ್ಲ. ಇನ್ನೊಂದು ಎತ್ತಿಕೊಂಡ.

ಸಂಜೆ ಬರ್ನಿಸ್ ಬಾಗಿಲಲ್ಲೇ ಕೇಳಿದಳು. “ಹೇಗಿತ್ತು ಕುರ್ಚಿ?”

“ಚೆನ್ನಾಗಿತ್ತು ಕಣೆ. ನಮ್ಮ ಪಾದ್ರಿಗಳ ಕುರ್ಚಿಗಿಂತ ಮೆತ್ತಗಿದೆ.” ಮನಸ್ಸು ಗಟ್ಟಿ ಮಾಡಿಕೊಳ್ಳದೆಯೇ ಬಗ್ಗಿ ಬೂಟು ಬಿಚ್ಚಿದ. ಆದರೆ ಊಟಕ್ಕೆ ಕೂತಾಗ ತಟ್ಟೆಗೆ ಬಿದ್ದ ಪಿರೋಗಿ ಕಡುಬುಗಳನ್ನು ಮುಟ್ಟದೆ ನೆತ್ತಿ ಸವರಿಕೊಳ್ಳುತ್ತಿದ್ದ.

“ಮತ್ತೇನು? ಇನ್ನೂ ಸುಸ್ತಾ?”

“ಹೂಂ,” ಅಂದ ಜೀನ್. “ಯಾಕೋ ಗೊತ್ತಿಲ್ಲ.”