ಬಾಗಿಲ ಮುಂದೆ ಕೆಂಚವ್ವ

ನಮ್ಮ ಮನೆಯ ಒಗ್ಗರಣೆ ಡಬ್ಬಿಯಲ್ಲಿ ಏಳು ಬಟ್ಟಲುಗಳಿವೆ. ಸಾಸಿವೆ, ಜೀರಿಗೆ, ಮೆಂತ್ಯ, ಉದ್ದಿನಬೇಳೆ, ಕಡಲೆಬೇಳೆ, ಮುರಿದ ಒಣಮೆಣಸಿನಕಾಯಿ ತಮ್ಮ ತಮ್ಮ ಜಾಗದಲ್ಲಿವೆ; ಏಳನೆಯದರಲ್ಲಿ, ಮರ್ಯಾದಸ್ಥರ ಮನೆಗಳಲ್ಲಿ ಇಂಗು ಇರಬೇಕಾದಲ್ಲಿ, ಇಪ್ಪತ್ತು ಮುಖದ ಒಂದು ನೀಲಿ ದಾಳವಿದೆ. ಅದನ್ನು ಅಲ್ಲಿಟ್ಟವರು ನಮ್ಮತ್ತೆ. ಗುಡಿಸುವಾಗ ಸೋಫಾದ ಕೆಳಗೆ ಸಿಕ್ಕ ಆ ವಸ್ತು ಏನೆಂದು ಅವರಿಗೆ ತಿಳಿಯಲಿಲ್ಲ. ಆದರೆ ಅಷ್ಟೊಂದು ಮುಖಗಳಿರುವ, ಮುಖಕ್ಕೊಂದು ಅಂಕಿ ಇರುವ ಪದಾರ್ಥವನ್ನು ಕಸಕ್ಕೆ ಹಾಕುವುದು ಒಳ್ಳೆಯದಲ್ಲವೆಂದು ಅನ್ನಿಸಿರಬೇಕು. ಏನೆಂದು ತಿಳಿಯದ, ಎಸೆಯಲೂ ಮನಸ್ಸಾಗದ ಸಮಸ್ತವೂ ಅವರ ಆಡಳಿತದಲ್ಲಿ ಒಗ್ಗರಣೆ ಡಬ್ಬಿಗೆ ಸೇರುತ್ತದೆ. ನನ್ನ ಗಂಡನ ಅಂಗಿಯ ಗುಂಡಿಯೊಂದು ಬಹಳ ಕಾಲ ಮೆಂತ್ಯದ ಜೊತೆ ವಾಸವಾಗಿತ್ತು.

ಈ ದಾಳದ ಪೂರ್ವಾಶ್ರಮವನ್ನು ನಿಮಗೆ ಹೇಳಲೇಬೇಕು. ಬೆಂಗಳೂರಿನ ಆರ್.ಟಿ. ನಗರದಲ್ಲಿ ನನ್ನ ಗೆಳತಿ ನಜೀಮಾಳ ಮನೆ. ಅಲ್ಲೊಂದು ಊಟದ ಮೇಜು, ಮೇಜಿನ ಮೇಲೆ ದ್ರಾಕ್ಷಿ ಗೊಂಚಲಿನ ಚಿತ್ರದ ಪ್ಲಾಸ್ಟಿಕ್ ಹಾಸು, ಸುತ್ತ ನಾಲ್ಕು ಜನ ನಡುವಯಸ್ಸಿನವರು: ಔಷಧದ ಅಂಗಡಿ ನಡೆಸುವ ನಜೀಮಾ, ಕಾಲೇಜೊಂದರ ಗ್ರಂಥಪಾಲಕಿಯಾದ ನಾನು, ಒಬ್ಬ ಹಲ್ಲಿನ ಡಾಕ್ಟರು, ಒಬ್ಬ ಲೆಕ್ಕಪರಿಶೋಧಕರು. ಭಾನುವಾರದ ಮಧ್ಯಾಹ್ನಗಳಲ್ಲಿ ನಾವು ಅಲ್ಲಿ ಕೂತು ಎಲ್ಲೂ ಇಲ್ಲದ ರಾಜ್ಯಗಳಲ್ಲಿ ಅಲೆಯುತ್ತಿದ್ದೆವು. ಆಟದ ಕ್ರಮ ಸರಳ. ಒಬ್ಬೊಬ್ಬರೂ ಒಂದೊಂದು ಪಾತ್ರ ಕಟ್ಟಿಕೊಳ್ಳಬೇಕು. ಬಲ, ಚುರುಕು, ಬುದ್ಧಿ, ಮಾತುಗಾರಿಕೆ ಎಂದು ಅದಕ್ಕೆ ಅಂಕಗಳನ್ನು ಹಂಚಬೇಕು, ಒಂದಕ್ಕೆ ಸುರಿದರೆ ಇನ್ನೊಂದಕ್ಕೆ ಬರ. ನಜೀಮಾ ಕತೆ ಹೇಳುತ್ತಾ, ‘ಮುಂದೆ ಹೊಳೆ ಉಕ್ತಾ ಇದೆ, ಏನ್ ಮಾಡ್ತೀರ?’ ಎನ್ನುವಳು, ನಾವು ಮನಸ್ಸಿಗೆ ಬಂದದ್ದನ್ನು ಹೇಳುವೆವು, ಅದು ಕೈಗೂಡಿತೋ ಇಲ್ಲವೋ ಎಂಬುದನ್ನು ಈ ದಾಳ ತೀರ್ಮಾನಿಸುವುದು. ದೊಡ್ಡ ಅಂಕಿ ಬಿದ್ದರೆ ಗೆಲುವು, ಸಣ್ಣದು ಬಿದ್ದರೆ ಮಾನಭಂಗ.

ನನ್ನ ಪಾತ್ರದ ಹೆಸರು ಕೆಂಚವ್ವ. ಬಲಕ್ಕೆ ಸುರಿಯಬಹುದಾದಷ್ಟನ್ನೂ ಸುರಿದೆ. ದಿನವಿಡೀ ಪುಸ್ತಕಗಳ ಧೂಳು ಒರೆಸಿ ‘ದಯವಿಟ್ಟು ಮೌನ’ ಎನ್ನುವವಳಿಗೆ ಕೊಡಲಿಯ ಆಸೆ ಇರುವುದು ಸಹಜವಲ್ಲವೇ? ಎಲ್ಲ ಮುಗಿದ ಮೇಲೆ ನಜೀಮಾ, ‘ಇವಳಲ್ಲಿ ನಿಂದು ಅಂತ ಒಂದಾದ್ರೂ ಇರ್ಲಿ ಕಣೆ, ಇಲ್ಲಾಂದ್ರೆ ಜೀವ ಬರಲ್ಲ’ ಎಂದಳು. ನಾನು ಯೋಚಿಸದೆ, ‘ಇವಳಿಗೆ ನಾಯಿ ಅಂದ್ರೆ ಭಯ’ ಎಂದೆ. ಯಲಹಂಕದ ಅಟ್ಟೂರಿನಲ್ಲಿ ನಮ್ಮ ಬೀದಿಯ ತಿರುವಿನಲ್ಲಿ ನಾಯಿಗಳ ತುಂಬು ಸಂಸಾರವೊಂದು ನೆಲೆಸಿದೆ. ಅದರ ದರ್ಶನವಾಗದಿರಲೆಂದು ನಾನು ಎರಡು ಅಡ್ಡರಸ್ತೆ ಬಳಸಿಕೊಂಡು ಮನೆ ಸೇರುತ್ತೇನೆ, ಕೇಳಿದವರಿಗೆ ವ್ಯಾಯಾಮ ಎನ್ನುತ್ತೇನೆ. ಹೀಗೆ ರಾಕ್ಷಸರನ್ನು ಎರಡು ಹೋಳು ಮಾಡಬಲ್ಲ, ನಾಯಿಮರಿ ಕಂಡರೆ ಮರ ಹತ್ತುವ ಹೆಂಗಸೊಬ್ಬಳು ಹುಟ್ಟಿಕೊಂಡಳು. ನನಗೆ ಅವಳೆಂದರೆ ಬಹಳ ಪ್ರೀತಿ. ಹೇಳಿಕೊಳ್ಳಲು ಸಂಕೋಚವೇನಿಲ್ಲ.

ಕೆಂಚವ್ವನಿಗೆ ಕಳೆದುಹೋದ ತಂಗಿಯೊಬ್ಬಳಿದ್ದಳು. ಅವಳನ್ನು ಹುಡುಕುತ್ತಾ ವರ್ಷಗಟ್ಟಲೆ ಕಾಡುಮೇಡು ಅಲೆದು, ಕೊನೆಗೆ ಪಾಳುಕೋಟೆಯೊಂದರ ನೆಲಮಾಳಿಗೆಯಲ್ಲಿ ಒಂದು ಮುಚ್ಚಿದ ಬಾಗಿಲಿಗೆ ಬಂದು ಮುಟ್ಟಿದೆವು. ಕೆಂಚವ್ವ ಅಗುಳಿಯ ಮೇಲೆ ಕೈಯಿಟ್ಟಳು. ಒಳಗಿನಿಂದ ನಾಯಿ ಗುರುಗುಟ್ಟಿತು. ನಾನು ದಾಳವನ್ನು ಮುಷ್ಟಿಯಲ್ಲಿ ಹಿಡಿದೆ. ಅಷ್ಟರಲ್ಲಿ ನಜೀಮಾಳ ಮನೆಗೆ ನೆಂಟರು ಬಂದರು. ‘ಮುಂದಿನ ಭಾನುವಾರ’ ಎಂದಳು. ದಾಳ ನನ್ನ ಜೊತೆಗೇ ಮನೆಗೆ ಬಂತು. ಮುಂದಿನ ಭಾನುವಾರ ಡಾಕ್ಟರರಿಗೊಂದು ಮದುವೆ, ಅದರ ಮುಂದಿನದು ಮಳೆ, ಆಮೇಲೆ ದಾರಿಯಲ್ಲಿ ಸಿಗುವ ಹೆಬ್ಬಾಳದಲ್ಲಿ ಏನನ್ನೋ ಕಟ್ಟಲು ಏನನ್ನೋ ಒಡೆದರು. ಜಗಳವಾಗಿದ್ದರೆ ರಾಜಿಯಾದರೂ ಆಗುತ್ತಿತ್ತು. ನಮ್ಮ ವಾಟ್ಸಾಪ್ ಗುಂಪಿನಲ್ಲಿ ಮೆಲ್ಲಮೆಲ್ಲಗೆ ಗುಲಾಬಿ ಹೂವಿನ ಶುಭೋದಯಗಳಷ್ಟೇ ಉಳಿದವು. ಡ್ರ್ಯಾಗನ್‌ಗಳ ಏಳು ರಾಜ್ಯ ದಾಟಿದ ನಮ್ಮ ಸೈನ್ಯ ಯಲಹಂಕಕ್ಕೂ ಆರ್.ಟಿ. ನಗರಕ್ಕೂ ನಡುವೆ ಇರುವ ಒಂದು ಮೇಲ್ಸೇತುವೆಯನ್ನು ದಾಟಲಾರದೆ ಚದುರಿಹೋಯಿತು.

ಕೆಂಚವ್ವ ಮಾತ್ರ ಅಗುಳಿಯ ಮೇಲೆ ಕೈಯಿಟ್ಟು ನಿಂತೇ ಇದ್ದಳು. ಅಡುಗೆ ಮಾಡುವಾಗ, ಬಸ್ಸಿನಲ್ಲಿ ಕೂತಾಗ, ಹಾಜರಿ ಹಾಕುವಾಗ ಇದು ನನಗೆ ನೆನಪಾಗಿ ಎದೆ ಚುರುಕ್ಕೆನ್ನುತ್ತಿತ್ತು. ಅವಳನ್ನು ಅಲ್ಲಿಂದ ಬಿಡಿಸಬೇಕು. ಮೇಜು ಇಲ್ಲದಿದ್ದರೇನು, ಕಂಪ್ಯೂಟರ್ ಇದೆಯಲ್ಲ, ಮೇಜಿನಾಟದಷ್ಟೇ ಆಳವಾಗಿ ಪಾತ್ರ ಕಟ್ಟಲು ಬಿಡುವ ಆಟವೊಂದನ್ನು ಹುಡುಕಿ ಅದರೊಳಗೆ ಇವಳನ್ನು ಇಳಿಸಿಬಿಡೋಣ ಎಂದು ನಿಶ್ಚಯಿಸಿದೆ. ಹುಡುಕುವುದು ನನ್ನ ವೃತ್ತಿಯೇ ಆದ್ದರಿಂದ ಧೈರ್ಯವೂ ಇತ್ತು.

ಮೊದಲು ಸಿಕ್ಕ ಆಟದ ಜಾಹೀರಾತು, ಪಾತ್ರನಿರ್ಮಾಣದಲ್ಲಿ ಇದರ ಆಳಕ್ಕೆ ಸಾಟಿಯಿಲ್ಲ ಎಂದು ಸಾರುತ್ತಿತ್ತು. ಸುಳ್ಳೇನಲ್ಲ. ಮೂಗಿನ ಉದ್ದ ಬೇರೆ, ಏರು ಬೇರೆ, ಹೊಳ್ಳೆಯ ಅಗಲ ಬೇರೆ; ಇಡೀ ಒಂದು ಭಾನುವಾರ ನಾನು ಮೂಗಿನಲ್ಲೇ ಕಳೆದೆ. ಕೊನೆಗೆ ಊರೊಳಗೆ ಕಾಲಿಟ್ಟರೆ ಮುದುಕನೊಬ್ಬ ಎದುರಾಗಿ ಸಹಾಯ ಬೇಡಿದ. ಉತ್ತರಕ್ಕೆ ಮೂರೇ ದಾರಿ: ಮಾಡುತ್ತೇನೆ, ಸಿಡುಕುತ್ತಾ ಮಾಡುತ್ತೇನೆ, ಕಾಸು ಕೊಟ್ಟರೆ ಮಾಡುತ್ತೇನೆ. ಅವನು ಮೆಚ್ಚಿ ಕೊಟ್ಟ ಕಬ್ಬಿಣದ ಶಿರಸ್ತ್ರಾಣವನ್ನು ತೊಟ್ಟ ಮೇಲೆ ಆ ಮೂಗನ್ನು ನಾನು ಮತ್ತೆ ಕಾಣಲಿಲ್ಲ.

ಎರಡನೆಯದು ಪಂಡಿತರ ಆಟ. ಕುಲ ಯಾವುದು, ಉಪಕುಲ ಯಾವುದು, ಹುಟ್ಟಿದೂರು ಯಾವುದು, ಮನೆದೇವರು ಯಾವುದು ಎಂದು ಒಂದೇ ಸಮನೆ ಕೇಳಿತು. ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕಿದವರಿಗೆ ಇದರಲ್ಲಿ ಹೊಸದೇನೂ ಇಲ್ಲವಾದ್ದರಿಂದ ನಿರಾಯಾಸವಾಗಿ ಉತ್ತರಿಸಿದೆ. ಆಮೇಲೆ ಬಂದ ನಿಯಮಗಳನ್ನು ಓದಿ ಅರ್ಥಮಾಡಿಕೊಂಡು, ಅಂತರ್ಜಾಲದ ವಿದ್ವಾಂಸರ ಸಲಹೆ ಕೇಳಿ, ಅವರಲ್ಲೇ ಎರಡು ಪಂಗಡಗಳಾಗಿ ಬೈದಾಡಿಕೊಂಡದ್ದನ್ನೂ ಸಹಿಸಿಕೊಂಡು, ಬೇಸಿಗೆ ರಜೆ ಮುಗಿಯುವ ಹೊತ್ತಿಗೆ ಸರ್ವಲಕ್ಷಣಸಂಪನ್ನೆಯಾದ ಕೆಂಚವ್ವನನ್ನು ಸಿದ್ಧಪಡಿಸಿದೆ. ಮೊದಲನೆಯ ನೆಲಮಾಳಿಗೆಯಲ್ಲೇ ಒಂದು ಇಲಿ ಅವಳನ್ನು ಕಚ್ಚಿ ಕೊಂದಿತು.

ಮೂರನೆಯದು ಹಳೆಯ ಆಟ. ಅಕ್ಷರಗಳು ಇರುವೆಯಷ್ಟು, ಓದಲು ಕನ್ನಡಕದ ಮೇಲೊಂದು ಕನ್ನಡಕ ಬೇಕು. ಆದರೆ ಅದರಲ್ಲೊಂದು ಉದಾರ ಏರ್ಪಾಡಿತ್ತು: ಒಂದು ಕುಂದನ್ನು ಒಪ್ಪಿಕೊಂಡರೆ ಪ್ರತಿಯಾಗಿ ಹೆಚ್ಚಿನ ಅಂಕ ಕೊಡುತ್ತಿತ್ತು. ಬದುಕಿನಲ್ಲಿ ನಮ್ಮ ಕುಂದುಗಳಿಗೆ ಬೈಗುಳ ಬಿಟ್ಟು ಬೇರೇನು ಸಿಕ್ಕಿದೆ ಹೇಳಿ. ಆಸೆಯಿಂದ ನೋಡಿದೆ: ಒಕ್ಕಣ್ಣು, ಕುಡಿತ, ನೀರಿನ ಭಯ, ಬೆಂಕಿಯ ಭಯ, ಕತ್ತಲ ಭಯ. ನಾಯಿಯ ಭಯ ಇರಲಿಲ್ಲ. ಆ ಆಟ ಮಾಡಿದವರ ಊರಿನಲ್ಲಿ ನಾಯಿಗಳನ್ನು ಕಟ್ಟಿಹಾಕುತ್ತಾರೆಂದು ಕಾಣುತ್ತದೆ.

ನನ್ನ ಈ ತಪಸ್ಸನ್ನು ಅತ್ತೆ ಆಗಾಗ ಬಂದು ನೋಡುತ್ತಿದ್ದರು. ಒಮ್ಮೆ ಪರದೆಯ ಮೇಲೆ ಚೂಪುಗಿವಿಯ ವನಕನ್ಯೆಯೊಬ್ಬಳು ನಿಧಾನವಾಗಿ ತಿರುಗುತ್ತಿದ್ದಾಗ ಬೆನ್ನ ಹಿಂದೆ ನಿಂತು, ‘ಯಾರವ್ವ ಈ ಉಡ್ಗಿ? ಕಿವಿ ಯಾಕಿಂಗವೆ? ನಮ್ಮ ರಾಜಾನುಕುಂಟೆ ಉಡ್ಗಂಗೆ ನೋಡ್ತಿದೀಯಾ?’ ಎಂದರು. ಆ ಊರಿನ ನೆಂಟರ ಹುಡುಗನಿಗೆ ನಾನು ಹೆಣ್ಣು ಹುಡುಕುತ್ತಿರುವೆನೆಂದು ಅವರ ತಿಳಿವಳಿಕೆ. ಆಟವೆಂದು ವಿವರಿಸಿದಾಗ, ‘ಆಟ್ವಾ? ಮತ್ಯಾಕೆ ಆಡ್ದೆ ಬರೀ ನೋಡ್ಕಂಡ್ ಕುಂತಿದೀಯಾ?’ ಎಂದು ಹೋದರು. ಅತ್ತೆ ರಾಗಿ ಬೆಳೆಯುತ್ತಿದ್ದ ಹೊಲದ ಮೇಲೆಯೇ ಇಂದು ನಮ್ಮ ಮೂರಂತಸ್ತಿನ ಮನೆ ನಿಂತಿದೆ. ಆಟಗಳಲ್ಲಿ ಕಸುಬು ಬದಲಿಸಬೇಕಾದರೆ ದೂರದ ಮಾಂತ್ರಿಕನನ್ನು ಹುಡುಕಿಕೊಂಡು ಹೋಗಬೇಕು. ಅಟ್ಟೂರಿನಲ್ಲಿ ಲೇಔಟ್ ಬಂದರೆ ಸಾಕು, ರೈತ ಹೆಂಗಸು ಕಟ್ಟಡದ ಒಡತಿಯಾಗುತ್ತಾಳೆ. ಆದರೂ ಅತ್ತೆ ಮಳೆ ಮೋಡ ಕಂಡಾಗ ಈಗಲೂ ಮಹಡಿಗೆ ಹೋಗಿ ನಿಂತು ನೋಡುತ್ತಾರೆ. ಹಳೆಯ ಅಂಕಗಳು ಅಷ್ಟು ಸುಲಭವಾಗಿ ಅಳಿಯುವುದಿಲ್ಲವೇನೋ.

ಹೋದ ಭಾನುವಾರ ಮಧ್ಯಾಹ್ನ ಚಿತ್ರಾನ್ನಕ್ಕೆ ಒಗ್ಗರಣೆ ಹಾಕಲು ಡಬ್ಬಿ ತೆಗೆದೆ, ದಾಳ ಕಂಡಿತು, ಇನ್ನು ತಡೆಯಲಾಗಲಿಲ್ಲ. ಒಲೆ ಆರಿಸಿ ನಜೀಮಾಳಿಗೆ ಫೋನ್ ಮಾಡಿದೆ. ಕೈ ಎಣ್ಣೆಯಾಗಿದ್ದರಿಂದ ಸ್ಪೀಕರ್ ಹಾಕಿ ಕಟ್ಟೆಯ ಮೇಲಿಟ್ಟೆ. ಒಳ್ಳೆಯ ಆಟ ಯಾವುದೆಂದು ಕೇಳುವುದು ನೆಪ. ಎರಡು ಮಾತಿನಲ್ಲೇ ನೆಪ ಮುಗಿದು, ‘ನಜ್ಜು, ಆ ಬಾಗಿಲ ಹಿಂದೆ ಏನಿತ್ತೇ?’ ಎಂದು ಕೇಳಿಬಿಟ್ಟೆ.

‘ಯಾವ ಬಾಗಿಲು?’ ಎಂದಳು. ನೆನಪಿಸಿದೆ. ಯಲಹಂಕ ವಾಯುನೆಲೆಯ ವಿಮಾನವೊಂದು ನಮ್ಮ ಮನೆಯ ಮೇಲೆ ಹಾದು ಕಿಟಕಿಗಳು ನಡುಗಿ ನಿಂತವು. ಆಮೇಲೆ ಅವಳು, ‘ನಂಗೊತ್ತಿಲ್ಲ ಕಣೆ ಸುಧಾ’ ಎಂದಳು.

‘ಕತೆ ಹೇಳ್ತಿದ್ದೋಳು ನೀನು. ನಿಂಗೊತ್ತಿಲ್ಲ ಅಂದ್ರೆ?’

‘ಅರೆ, ನಾನೆಲ್ಲಿ ಮೊದ್ಲೇ ಮಾಡ್ಕೊಂಡ್ ಬರ್ತಿದ್ದೆ? ನೀವ್ ಏನ್ ಮಾಡ್ತೀರ ಅಂತ ನೋಡ್ಕೊಂಡು ಹೇಳ್ತಿದ್ದೆ ಅಷ್ಟೆ. ನೀನು ಬಾಗಿಲು ತೆಗ್ದಿದ್ರೆ ತಾನೆ ಆಚೆ ಏನಾದ್ರೂ ಇರೋದು?’

ನನಗೆ ಮೊದಲು ಸಿಟ್ಟು ಬಂತು, ಆಮೇಲೆ ಅಳು. ನಾನು ಕೊಂಡ ಆಟಗಳಲ್ಲಿ ಪ್ರತಿಯೊಂದು ಬಾಗಿಲ ಹಿಂದೆಯೂ ಏನಾದರೊಂದು ಇದ್ದೇ ಇತ್ತು. ಯಾವುದೋ ದೇಶದ ಕಚೇರಿಯಲ್ಲಿ ಕೂತು ಯಾರೋ ಅದನ್ನು ಇಟ್ಟುಹೋಗಿದ್ದರು, ನಾನು ಬಂದರೂ ಬಾರದಿದ್ದರೂ ಅದು ಅಲ್ಲೇ ಇರುತ್ತಿತ್ತು, ನನಗೂ ಲಕ್ಷಾಂತರ ಜನರಿಗೂ ಒಂದೇ. ನಜೀಮಾಳ ಬಾಗಿಲ ಹಿಂದೆ ನಾವಿಬ್ಬರೂ ಸೇರಿ ಬರಮಾಡಿಕೊಳ್ಳದ ಹೊರತು ಏನೂ ಬರುವಂತಿರಲಿಲ್ಲ. ಕೆಂಚವ್ವ ಈಚೆ ಕಾಯುತ್ತಿದ್ದಾಗ ಆಚೆ ಅವಳ ತಂಗಿಯಾದರೂ ಕಾಯುತ್ತಿದ್ದಾಳೆಂದು ನಾನು ಇಷ್ಟು ದಿನ ಸಮಾಧಾನ ಮಾಡಿಕೊಂಡಿದ್ದೆ. ಯಾರೂ ಇರಲಿಲ್ಲ. ಮೂಗು ತಿದ್ದುತ್ತಾ, ಅಂಕ ಹಂಚುತ್ತಾ ಕೂತ ನನ್ನ ಅಷ್ಟೂ ಭಾನುವಾರಗಳ ಬಗ್ಗೆ ನನಗೆ ನಗು ಬರಬೇಕಿತ್ತು, ಬರಲಿಲ್ಲ.

ನಾನು ಮೂಗೊರೆಸಿಕೊಂಡದ್ದು ಕೇಳಿಸಿತೋ ಏನೋ, ನಜೀಮಾಳ ದನಿ ಬದಲಾಯಿತು. ‘ಡೈಸ್ ಇದ್ಯಾ ಹತ್ರ?’

‘ಒಗ್ಗರಣೆ ಡಬ್ಬೀಲಿದೆ.’

‘ಅಲ್ಲ್ಯಾಕೆ? ಇರ್ಲಿ. ಹಾಕು. ತೆಗೀತಿದೀಯಾ ಇಲ್ವಾ?’

ಕಟ್ಟೆಯ ಮೇಲೆ ಉರುಳಿಸಿದೆ. ಅಂಟಿಕೊಂಡಿದ್ದ ಸಾಸಿವೆ ಉದುರಿಸುತ್ತಾ ದಾಳ ಹೋಗಿ ಉಪ್ಪಿನ ಜಾಡಿಗೆ ತಾಗಿ ನಿಂತಿತು. ಮೂರು. ಮೂಲೆಯಲ್ಲಿ ಹುರುಳಿಕಾಯಿ ಬಿಡಿಸುತ್ತಿದ್ದ ಅತ್ತೆ ಇಣುಕಿ ನೋಡಿದರು.

‘ಮೂರಾ?’ ಎಂದು ನಜೀಮಾ ಉಸಿರೆಳೆದಳು. ‘ಸರಿ. ಅಗುಳಿ ಕೈಗೆ ಕಿತ್ಕೊಂಡು ಬಂತು. ಬಾಗಿಲು ಅರ್ಧ ತೆರ್ಕೊಂಡು ಸಿಕ್ಕಾಕೊಂಡಿದೆ. ಸಂದೀಲಿ ಕರೀ ನಾಯಿ, ಹಲ್ಲು ಬಿಟ್ಕೊಂಡು ನಿನ್ನೇ ನೋಡ್ತಿದೆ. ಏನ್ ಮಾಡ್ತೀಯ?’

ಏನು ಮಾಡಲಿ? ಆರಿಸಿಕೊಳ್ಳಲು ಕೆಳಗೆ ಮೂರು ಸಾಲುಗಳಿರಲಿಲ್ಲ. ಕೆಂಚವ್ವನ ಕೊಡಲಿ ನನ್ನ ತಲೆಗೇ ಬರಲಿಲ್ಲ. ಬೀದಿಯ ತಿರುವು ಕಣ್ಣ ಮುಂದೆ ಬಂದು ನಿಂತಿತು. ಆಗ ಮೂಲೆಯಿಂದ, ‘ಒಂದ್ ತುತ್ತು ಅನ್ನ ಆಕವ್ವ ಅದ್ಕೆ. ಅಸ್ಕಂಡಿರ್ತದೆ’ ಎಂದರು ಅತ್ತೆ.

‘ಯಾರದು ಅಲ್ಲಿ?’

‘ನಮ್ಮತ್ತೆ.’

‘ಅವರೂ ಡೈಸ್ ಹಾಕ್ಲಿ ಮತ್ತೆ. ಅನ್ನ ಹಾಕ್ತಿರೋದು ಅವರು ತಾನೆ?’

ಅತ್ತೆ ಕೈ ಒರೆಸಿಕೊಂಡು ಎದ್ದು ಬಂದರು. ಚೌಕಾಬಾರದ ಕವಡೆ ಕುಲುಕಿದ ಹಳೆಯ ಕೈ. ದಾಳವನ್ನು ಎರಡು ಅಂಗೈಗಳ ನಡುವೆ ಗಲಗಲ ಆಡಿಸಿ, ಕಣ್ಣು ಮುಚ್ಚಿ ಬಿಟ್ಟರು. ಹದಿನೆಂಟು. ನಜೀಮಾ ಮೆಲುದನಿಯಲ್ಲಿ ಹೇಳಿದಳು: ‘ನಾಯಿ ಮೂಸಿ ನೋಡ್ತು. ಈಗ ತಿಂತಾ ಇದೆ. ಬಾಲ ಅಲ್ಲಾಡಿಸ್ತಿದೆ. ಅದರ ಹಿಂದೆ ಕತ್ಲಲ್ಲಿ ಯಾರೋ... ಅಕ್ಕಾ ಅಂದ್ರು.’

ಅತ್ತೆ ಫೋನಿನತ್ತ ಬಾಗಿ, ‘ಆಮ್ಯಾಕೆ?’ ಎಂದರು.

‘ಆಮೇಲಿಂದು ಭಾನುವಾರ, ನಮ್ಮನೇಲಿ. ನೀವೂ ಬನ್ನಿ ಅಮ್ಮಾ.’ ಹೆಬ್ಬಾಳದ ಗತಿಯೇನೆಂದು ನಾನು ಕೇಳಿದ್ದಕ್ಕೆ, ಹೆಬ್ಬಾಳ ಇದ್ದೇ ಇರುತ್ತೆ ಕಣೆ ಎಂದು ಫೋನ್ ಇಟ್ಟಳು.

ನಾನು ಈಗಲೂ ಎರಡು ಅಡ್ಡರಸ್ತೆ ಬಳಸಿಕೊಂಡೇ ಮನೆಗೆ ಬರುತ್ತೇನೆ. ಹದಿನೆಂಟು ಬಿದ್ದದ್ದು ಅತ್ತೆಗೆ, ನನಗಲ್ಲ. ಆದರೆ ಈ ಬೆಳಿಗ್ಗೆ ಒಗ್ಗರಣೆ ಡಬ್ಬಿ ತೆಗೆದರೆ ಏಳನೆಯ ಬಟ್ಟಲಿನಲ್ಲಿ ಇಂಗು ಘಮ್ಮೆನ್ನುತ್ತಿತ್ತು. ಗಾಬರಿಯಾಗಿ, ದಾಳ ಎಲ್ಲಿ ಅತ್ತೆ ಎಂದೆ. ಅವರು ಸೆರಗಿನ ತುದಿಯ ಗಂಟನ್ನು ಮುಟ್ಟಿ ತೋರಿಸಿದರು. ಮನೆಯ ಬೀಗದ ಕೈ ಇರುವುದೂ ಅಲ್ಲೇ.

‘ಆ ಉಡ್ಗೀನ ಆಚೆ ಕರ್ಕಂಡ್ ಬರೋಗಂಟ ಕೊಡಾಕಿಲ್ಲ’ ಎಂದರು.