ಮುಳ್ಳಿಗೆ ಕಟ್ಟಿದ ಹಗ್ಗ

ಚಿಗರಿ, ಅಂದರೆ ಕೃಷ್ಣಮೃಗ, ನಿಂಬೆ ಸಸಿಯನ್ನು ತಿನ್ನುವುದಕ್ಕಿಂತ ಕೊಲ್ಲುವುದೇ ಹೆಚ್ಚು. ಗಂಡು ಚಿಗರಿ ಎಳೆ ಕಾಂಡಕ್ಕೆ ಕೋಡು ತಿಕ್ಕಿದರೆ ಸಿಪ್ಪೆ ಸುಲಿದು ಹೋಗುತ್ತದೆ, ನಾಲ್ಕು ದಿನದಲ್ಲಿ ಸಸಿ ಒಣಗುತ್ತದೆ. ಎಪ್ಪತ್ತರ ದಶಕದಲ್ಲಿ ಇಂಡಿ ಊರಿನ ಹತ್ತಿರದ ನಮ್ಮ ಕೆಂಪುಮಣ್ಣಿನ ಮಸಾರಿ ಹೊಲದಲ್ಲಿ ಮೊದಲ ಸಲ ನಿಂಬೆ ಹಚ್ಚಿದಾಗ ಇದನ್ನು ಕಲಿತೆ. ಬೇಸಿಗೆಯುದ್ದಕ್ಕೂ ನನ್ನ ಹೆಂಡತಿ ಬಾವಿಯಿಂದ ಕೊಡ ಹೊತ್ತು ಆ ಸಸಿಗಳಿಗೆ ನೀರು ಹಾಕಿದ್ದಳು. ಅವು ಬದುಕಲೇಬೇಕಿತ್ತು. ಚಿಗರಿ ಹೊಡೆದರೆ ಜೇಲು ಎಂಬ ಕಾಯ್ದೆ ಆಗಷ್ಟೇ ಬಂದಿತ್ತು. ನನಗೆ ಚಿಗರಿಯ ಮೇಲೂ ಸಿಟ್ಟು, ಕಾಯ್ದೆ ಮಾಡಿದವರ ಮೇಲೂ ಸಿಟ್ಟು.

ಜಾಲಿಮುಳ್ಳು ಕಡಿದು ಬೇಲಿ ಹಾಕಿದೆ. ಗಾಳಿಗೆ ಹಾರದಂತೆ ಮುಳ್ಳಿನ ಮೇಲೆ ಕಲ್ಲು ಹೇರುವುದು ನಮ್ಮ ಕಡೆಯ ರೂಢಿ. ಹೆಂಡತಿಯ ಅಪ್ಪ ಹೇಳಿಯೂ ಇದ್ದರು: "ಕಲ್ಲು ಹೇರಪಾ, ಹಗ್ಗ ಕಟ್ಟಬ್ಯಾಡ. ಪ್ರಾಣಿ ಸಿಕ್ಕೊಂಡ್ರ ಬೇಲಿನೂ ಉಳಿಯಂಗಿಲ್ಲ, ಬೆಳಿನೂ ಉಳಿಯಂಗಿಲ್ಲ." ಕಲ್ಲು ಹೊರುವ ಬೇಸರಕ್ಕೆ ನಾನು ಪುಂಡಿನಾರಿನ ಹಗ್ಗದಿಂದ ಮುಳ್ಳುಗಳನ್ನು ಒಂದಕ್ಕೊಂದು ಬಿಗಿದೆ. ಹಿರಿಯರ ಮಾತು ಕಿವಿಗೆ ಹೋಗದ ವಯಸ್ಸು.

ಮೂರನೆಯ ಮುಂಜಾನೆ ಹೋದಾಗ ಒಂದು ಗಂಡು ಚಿಗರಿಯ ಕೋಡು ಹಗ್ಗಕ್ಕೆ ಸಿಕ್ಕಿತ್ತು. ಅದು ಹುಚ್ಚೆದ್ದು ಜಿಗಿಯುತ್ತ ಇಡೀ ಬೇಲಿಯನ್ನು ಸಸಿಗಳ ಮೇಲೆ ಎಳೆದಾಡುತ್ತಿತ್ತು. ಕಣ್ಣಿನ ಕೆಳಗೆ ಚರ್ಮ ಹರಿದು ರಕ್ತ ಸುರಿಯುತ್ತಿತ್ತು. ಒಂದು ಸಾಲು ಪೂರ್ತಿ ಬೇರುಸಹಿತ ಕಿತ್ತುಬಂದಿತ್ತು. ಪಿತ್ತ ನೆತ್ತಿಗೇರಿತು. ಕೈಯಲ್ಲಿದ್ದ ಕೊಡಲಿ ತಿರುವಿ ಅದರ ಹಿಂಬದಿಯಿಂದ ಹೊಡೆದೆ. ಮೊದಲ ಏಟು ಬೆನ್ನಿಗೆ, ಎರಡನೆಯದು ಮುಂಗಾಲಿಗೆ. ಒಣ ತೊಗರಿಕಟ್ಟಿಗೆಯಂತೆ ಮೂಳೆ ಲಟಕ್ಕೆಂದಿತು. ಹಿತವೆನಿಸಿತು, ಸುಳ್ಳು ಯಾಕೆ ಹೇಳಲಿ? ಮತ್ತೆ ಕೈ ಎತ್ತಿದೆ.

ಹೆಂಡತಿ ಕೊಡ ಎಸೆದು ಓಡಿ ಬಂದಳು. "ಬಿಡ್ರಿ! ಬಿಡ್ರಿ ಅಂದ್ರ!"

"ನೀ ಹೊತ್ತ ನೀರೆಲ್ಲಾ ಮಣ್ಣಪಾಲಾತು, ಕಾಣಂಗಿಲ್ಲೇನು?" ಎಂದು ಅವಳನ್ನೂ ನೂಕಿ ಕೆಡವಿದೆ.

ಅವಳು ಎದ್ದು ಕುಡುಗೋಲಿನಿಂದ ಹಗ್ಗ ಕೊಯ್ದಳು. ಬಿಡಿಸಿಕೊಳ್ಳುವಾಗ ಕೋಡು ಅವಳ ಅಂಗೈ ಸೀಳಿತು. ಚಿಗರಿ ಮೂರು ಕಾಲಿನ ಮೇಲೆ ಓಡಿ, ಬಿದ್ದು, ಎದ್ದು ಹಳ್ಳ ದಾಟಿತು.

"ಗಿಡ ನಾ ಮತ್ತ ಹಚ್ಚತೇನ್ರಿ," ಅಂದಳು, ಅಂಗೈಗೆ ಸೆರಗು ಸುತ್ತಿಕೊಳ್ಳುತ್ತ. "ಆ ಕಾಲು ಮತ್ತ ಬರತೈತೇನು?"

ನಾನು ಆ ದಿನವಿಡೀ ಕಲ್ಲು ಹೊತ್ತೆ. ಮರುವರ್ಷ ಅದೇ ಸಾಲಿನಲ್ಲಿ ಅವಳು ಸಸಿ ಹಚ್ಚಿದಳು. ಅವು ಉಳಿದವು, ಕಾಯಿ ಹಿಡಿದವು. ಆ ಸಾಲಿನ ನಿಂಬೆಯನ್ನು ಮಾತ್ರ ಅವಳು ನನ್ನ ತಾಟಿಗೆ ಎಂದೂ ಹಿಂಡಲಿಲ್ಲ. ನಾನೂ ಕೇಳಲಿಲ್ಲ.